ಜಪಾನ್ ಬಿಟ್ಟು ಬರ್ತಿದೀನಿ, ನೆಂಕಿನ್ (ಇಲ್ಲಿನ ಪೆನ್ಷನ್) ದುಡ್ಡು ವಾಪಸ್ ತಗೊಂಡವರು ಯಾರಾದ್ರೂ ಇದೀರಾ?

ಎಲ್ಲರಿಗೂ ನಮಸ್ಕಾರ. ಯೊಕೊಹಾಮಾದಲ್ಲಿ ಕೆಲಸದಲ್ಲಿದೀನಿ, ಮೂರು ವರ್ಷದ ಹಿಂದೆ ಏಪ್ರಿಲ್ 1ಕ್ಕೆ ಸೇರಿದ್ದು. ಅಪ್ಪಂಗೆ ಹುಷಾರಿಲ್ಲ, ಪೂರ್ತಿಯಾಗಿ ಬೆಂಗಳೂರಿಗೇ ವಾಪಸ್ ಬರ್ತಿದೀನಿ. ಬರೋ ಮಾರ್ಚ್ 30 ಕೊನೇ ದಿನ ಅಂತ ಎಚ್‌ಆರ್ ಹೇಳಿದಾರೆ. ತಿಂಗಳಾ ತಿಂಗಳಾ ಸ್ಲಿಪ್ಪಲ್ಲಿ ಕೋಸೆಯ್ ನೆಂಕಿನ್ (ಕಂಪನಿ ನೌಕರರ ಪೆನ್ಷನ್) ಅಂತ 27,450 ಯೆನ್ ಕಟ್ ಆಗ್ತಿತ್ತು. ಇದು ವಾಪಸ್ ಬರುತ್ತಾ? ಹೊರಡೋ ಮುಂಚೆ ಇಲ್ಲಿ ಏನೇನು ಮಾಡ್ಬೇಕು? ಒಬ್ಬ ಏಜೆಂಟ್ ಬಂದ ದುಡ್ಡಲ್ಲಿ ಪರ್ಸೆಂಟೇಜ್ ಕೊಡಿ, ಎಲ್ಲಾ ನಾನೇ ಮಾಡ್ತೀನಿ ಅಂತಿದಾರೆ, ಕೊಡ್ಬಹುದಾ?

ಟೋಕಿಯೋದಲ್ಲಿ ಇದ್ದು ಈಗ ಮೈಸೂರಲ್ಲಿರೋನು:

ಸರ್, ಮಿಕ್ಕಿದ್ದೆಲ್ಲಾ ಆಮೇಲೆ, ಮೊದ್ಲು ಆ ಮಾರ್ಚ್ 30 ಅನ್ನೋದನ್ನ 31 ಮಾಡಿಸ್ಕೊಳ್ಳಿ, ಇವತ್ತೇ ಎಚ್‌ಆರ್‌ಗೆ ಮೇಲ್ ಹಾಕಿ. ಯಾಕೆ ಹೇಳ್ತೀನಿ ಅಂದ್ರೆ, ಕೆಲಸ ಬಿಟ್ಟ ಮಾರನೇ ದಿನ ಯಾವ ತಿಂಗಳಿಗೆ ಬೀಳುತ್ತೋ ಅದರ ಹಿಂದಿನ ತಿಂಗಳವರೆಗೆ ಮಾತ್ರ ನೆಂಕಿನ್‌ನವರು ಲೆಕ್ಕ ಹಿಡಿಯೋದು. 30ಕ್ಕೆ ಬಿಟ್ರೆ ಮಾರನೇ ದಿನ ಮಾರ್ಚ್ 31, ಆಗ ಫೆಬ್ರವರಿಗೇ ನಿಂತೋಗುತ್ತೆ, ನಿಮ್ದು 35 ತಿಂಗಳು. 31ಕ್ಕೆ ಬಿಟ್ರೆ ಮಾರ್ಚೂ ಸೇರಿ 36. ಒಂದು ತಿಂಗಳು ತಾನೇ ಅನ್ಕೋಬೇಡಿ, ವಾಪಸ್ ಕೊಡೋ ದುಡ್ಡಿನ ಲೆಕ್ಕ ಆರಾರು ತಿಂಗಳಿಗೆ ಒಂದು ಮೆಟ್ಟಿಲು ಇದ್ದಂಗೆ. 30ರಿಂದ 35 ತಿಂಗಳವರೆಗೆ ಸರಾಸರಿ ಸಂಬಳದ 2.7 ಪಟ್ಟು, 36 ಆಯ್ತು ಅಂದ್ರೆ 3.3 ಪಟ್ಟು. ನಿಮ್ಮ 27,450 ನೋಡಿದ್ರೆ ಲೆಕ್ಕದ ಸಂಬಳ 3 ಲಕ್ಷ ಯೆನ್ (ನಾವು ಕಟ್ಟೋದು ಶೇ. 9.15, ಅಷ್ಟೇ ಕಂಪನಿನೂ ಕಟ್ಟುತ್ತೆ). ಬೋನಸ್ ಬಿಟ್ಟು ಹೇಳ್ತೀನಿ, 35 ತಿಂಗಳಿಗೆ 8,10,000 ಯೆನ್, 36ಕ್ಕೆ 9,90,000. ಒಂದು ದಿನಕ್ಕೆ 1,80,000 ಯೆನ್ ವ್ಯತ್ಯಾಸ! ಮಾರ್ಚ್ ತಿಂಗಳ 27,450 ಕಟ್ ಆಗುತ್ತೆ, ಆಗ್ಲಿ ಬಿಡಿ.

ಹೀಗೆ ವಾಪಸ್ ಕೊಡೋ ದುಡ್ಡಿನ ಹೆಸರು ದತ್ತಾಯ್ ಇಚಿಜಿಕಿನ್. ಕನಿಷ್ಠ 6 ತಿಂಗಳು ಕಟ್ಟಿರಬೇಕು, ಒಟ್ಟು 10 ವರ್ಷದೊಳಗಿರಬೇಕು, ಎಷ್ಟೇ ಕಟ್ಟಿದ್ರೂ 60 ತಿಂಗಳಷ್ಟರದ್ದೇ ಕೊಡೋದು. 2021ರ ಏಪ್ರಿಲ್‌ಗೆ ಮುಂಚೆ 36ಕ್ಕೇ ನಿಲ್ಲಿಸ್ತಿದ್ರು.

ಹೊರಡೋ ಮುಂಚೆ ಕುಯಾಕುಶೋಗೆ (ವಾರ್ಡ್ ಆಫೀಸಿಗೆ) ಹೋಗಿ ಟೆನ್ಶುತ್ಸು ತೊದೊಕೆ, ಅಂದ್ರೆ ಇಲ್ಲಿಂದ ಖಾಲಿ ಮಾಡ್ತಿದೀನಿ ಅನ್ನೋ ಫಾರಂ ಕೊಡ್ಲೇಬೇಕು. ಜಪಾನಲ್ಲಿ ನಿಮ್ಮ ವಿಳಾಸ ಇರೋವರೆಗೂ ಈ ದುಡ್ಡು ಕೊಡಲ್ಲ. ಅದು ಕೊಟ್ಟಿದ್ರೆ ವಿಳಾಸ ಬಿಟ್ಟಿದೀನಿ ಅನ್ನೋದಕ್ಕೆ ಬೇರೆ ಕಾಗದ ಲಗತ್ತಿಸೋ ತಾಪತ್ರಯನೂ ಇಲ್ಲ. ನೆಂಕಿನ್ ನಂಬರ್ ಇರೋ ಕಾಗದ ಹುಷಾರಾಗಿ ಇಟ್ಕೊಳ್ಳಿ, ನನ್ನ ಕಾಲದಲ್ಲಿ ಅದು ಒಂದು ನೀಲಿ ಪುಸ್ತಕ, 2022ರ ಏಪ್ರಿಲ್ ಆದ್ಮೇಲೆ ಸೇರಿದವರಿಗೆ ಬರೀ ಒಂದು ಹಾಳೆ, ಎಲ್ಲೋ ಬಿಲ್ಲುಗಳ ಮಧ್ಯೆ ಸೇರ್ಕೊಂಡಿರುತ್ತೆ ನೋಡಿ.

ಇನ್ನೊಂದು, ಬಂದ ದುಡ್ಡಲ್ಲಿ ಶೇ. 20.42 ಟ್ಯಾಕ್ಸ್ ಹಿಡ್ಕೊಂಡೇ ಕಳಿಸ್ತಾರೆ. 9,90,000ಕ್ಕೆ 2,02,158 ಯೆನ್. ತುಂಬಾ ಜನ ಅಷ್ಟೇ ಅನ್ಕೊಂಡು ಸುಮ್ನಾಗ್ತಾರೆ, ಆದ್ರೆ ಇದನ್ನೂ ಕೇಳಿ ತಗೋಬಹುದು. ಅದಕ್ಕೆ ಜಪಾನಲ್ಲೇ ಇರೋ ಒಬ್ರನ್ನ ನೋಝೆಯ್ ಕನ್ರಿನಿನ್ ಅಂತ, ಅಂದ್ರೆ ನಿಮ್ಮ ಪರವಾಗಿ ಟ್ಯಾಕ್ಸ್ ನೋಡ್ಕೊಳ್ಳೋರು ಅಂತ, ನಿಮ್ಮ ಏರಿಯಾದ ಟ್ಯಾಕ್ಸ್ ಆಫೀಸಲ್ಲಿ ಬರೆದು ಕೊಟ್ಟು ಬನ್ನಿ. ಆಡಿಟರ್ರೇ ಆಗ್ಬೇಕಿಲ್ಲ, ನಂಬಿಕಸ್ಥ ಫ್ರೆಂಡ್ ಸಾಕು. ದುಡ್ಡು ಬಂದಾಗ ಪೋಸ್ಟಲ್ಲಿ ಒಂದು ನೋಟಿಸ್ ಬರುತ್ತೆ, ಅದರ ಒರಿಜಿನಲ್ ಅವರಿಗೆ ಕಳಿಸ್ಬೇಕು, ಅವರು ರಿಟರ್ನ್ ಹಾಕ್ತಾರೆ. ನನಗೆ ಆಫೀಸಲ್ಲಿ ಪಕ್ಕದ ಸೀಟಲ್ಲಿದ್ದ ಜಪಾನಿ ಸಹೋದ್ಯೋಗಿ ಮಾಡಿಕೊಟ್ರು, ಹಿಡ್ಕೊಂಡಿದ್ದು ಪೂರ್ತಿ ವಾಪಸ್ ಬಂತು. ಏಜೆಂಟ್ ಬೇಡ ಸರ್, ಫಾರಂ ಇಂಗ್ಲಿಷಲ್ಲೂ ಇದೆ, ಒಂದು ಭಾನುವಾರ ಕೂತ್ರೆ ಮುಗಿಯುತ್ತೆ.

ದಾವಣಗೆರೆಯಿಂದ:

ಮೇಲಿನವರು ಹೇಳಿದ್ದೆಲ್ಲಾ ಸರಿ, ನನಗೆ ತೊಂದರೆ ಆಗಿದ್ದು ಇನಿಷಿಯಲ್ಲಿಂದ, ಅದನ್ನ ಹೇಳ್ತೀನಿ. ನಮ್ಮ ಕಡೆ ಗೊತ್ತಲ್ಲಾ, ಪಾಸ್‌ಪೋರ್ಟಲ್ಲಿ ಊರ ಹೆಸರು ಅಪ್ಪನ ಹೆಸರು ಬಿಡಿಸಿ ಉದ್ದಕ್ಕೆ ಬರೆದಿರ್ತಾರೆ, ಬ್ಯಾಂಕ್ ಪಾಸ್‌ಬುಕ್ಕಲ್ಲಿ ಬರೀ ಎರಡು ಅಕ್ಷರ ಹಾಕಿ ಹೆಸರು. ಜಪಾನ್‌ನವರಿಗೆ ಇದು ಇಬ್ಬರು ಬೇರೆ ಬೇರೆ ಮನುಷ್ಯರ ಥರ ಕಾಣುತ್ತೆ. ನನ್ನ ಅರ್ಜಿ ವಾಪಸ್ ಬಂತು, ಲಕೋಟೆ ಒಡೆದು ನೋಡಿದ್ರೆ ಖಾತೆದಾರರ ಹೆಸರಿನ ಜಾಗಕ್ಕೆ ಪೆನ್ಸಿಲಲ್ಲಿ ಒಂದು ಸುತ್ತು ಹಾಕಿ ಇಟ್ಟಿದ್ರು. ಬ್ಯಾಂಕಲ್ಲಿ ಹೆಸರು ತಿದ್ದಿಸೋಕೆ ಮತ್ತೆ ಆರು ವಾರ ಓಡಾಡಿದೆ. ಫಾರಂನಲ್ಲಿ ಬ್ಯಾಂಕ್ ಸೀಲಿಗೆ ಒಂದು ಜಾಗ ಇದೆ, ಮ್ಯಾನೇಜರ್ ಜಪಾನಿ ಅಕ್ಷರ ನೋಡಿ ನಾನು ಸೀಲ್ ಹಾಕಲ್ಲ ಅಂದ್ರು, ಆಮೇಲೆ ಅವರ ಲೆಟರ್‌ಹೆಡ್ಡಲ್ಲೇ ಬ್ಯಾಂಕು, ಬ್ರಾಂಚು, ವಿಳಾಸ, ಖಾತೆ ನಂಬರು, ಪೂರ್ತಿ ಹೆಸರು ಬರೆಸ್ಕೊಂಡು ಕಳಿಸಿದೆ, ಅದು ನಡೀತು. ಸಹಿನೂ ಅಷ್ಟೇ, ಪಾಸ್‌ಪೋರ್ಟಲ್ಲಿ ಕನ್ನಡ ಸಹಿ ಇದ್ರೆ ಫಾರಂಗೂ ಕನ್ನಡದಲ್ಲೇ ಹಾಕಿ. ಎರಡನೇ ಸಲ ಕಳಿಸಿದ್ಮೇಲೆ ಐದು ತಿಂಗಳಿಗೆ ದುಡ್ಡು ಬಂತು.

ಹಾಸನದಿಂದ:

ನಮ್ಮನೆಯವರು ನಗೋಯಾದಲ್ಲಿ 4 ವರ್ಷ ಇದ್ರು. ವಾಪಸ್ ಬಂದ ಮೇಲೆ ಮನೆ ಕಟ್ಟೋದು, ಮಗು, ಅತ್ತೆ ಆಪರೇಷನ್ನು, ಹಿಂಗೇ ದಿನ ಹೋಯ್ತು, ನೆನಪಾದಾಗ ಎರಡು ವರ್ಷದ ಮೇಲೆ ಮೂರು ವಾರ ಆಗಿತ್ತು. ಅಲ್ಲಿ ವಿಳಾಸ ಬಿಟ್ಟ ಎರಡು ವರ್ಷದೊಳಗೆ ಅರ್ಜಿ ಹಾಕ್ಬೇಕು, ಆಮೇಲೆ ತಗೊಳ್ಳಲ್ಲ. ಆ ದಿನ ಅವರು ಊಟನೇ ಮಾಡ್ಲಿಲ್ಲ. ನಿಮ್ಮ ಮನೇಲೂ ಅಪ್ಪಂಗೆ ಹುಷಾರಿಲ್ಲ ಅಂತೀರ, ಬಂದ ಮೇಲೆ ಆಸ್ಪತ್ರೆ ಓಡಾಟದಲ್ಲಿ ಇದು ಮರೆತೇ ಹೋಗುತ್ತೆ, ದಯವಿಟ್ಟು ಬಂದ ಮೊದಲನೇ ತಿಂಗಳೇ ಕಳಿಸಿಬಿಡಿ.

ಒಂದು ಸಮಾಧಾನ ಅಂದ್ರೆ ದುಡ್ಡು ತಗೊಂಡಿಲ್ಲದವರ ಅವಧಿ ಅಳಿಸಿ ಹೋಗಲ್ಲ. ಭಾರತ ಜಪಾನ್ ಮಧ್ಯೆ 2016ರ ಅಕ್ಟೋಬರ್‌ನಿಂದ ಒಪ್ಪಂದ ಇದೆ, ಇಲ್ಲಿ ಪಿಎಫ್‌ನಲ್ಲಿರೋ ವರ್ಷ ಅಲ್ಲಿನ ವರ್ಷಕ್ಕೆ ಸೇರಿಸಿ 10 ವರ್ಷ ಆದ್ರೆ 65ಕ್ಕೆ ಜಪಾನ್ ಕಡೆಯಿಂದ ಅಷ್ಟರ ಮಟ್ಟಿಗೆ ಪೆನ್ಷನ್ ಬರುತ್ತೆ. ದುಡ್ಡು ತಗೊಂಡ್ರೆ ಆ ವರ್ಷಗಳು ಹೋದಂಗೇ. ಅದಕ್ಕೇ ಮತ್ತೆ ಜಪಾನಿಗೆ ಹೋಗೋ ಯೋಚನೆ ಇರೋರು ಸ್ವಲ್ಪ ಯೋಚಿಸಿ ತಗೊಳ್ಳಿ. ನಾನು ಅಲ್ಲಿ ಡಿಪೆಂಡೆಂಟ್ ಆಗಿದ್ದೆ, ನನ್ನ ಹೆಸರಲ್ಲಿ ಏನೂ ಕಟ್ಟಿರಲಿಲ್ಲ, ಹಂಗಾಗಿ ನನಗೆ ವಾಪಸ್ ಕೇಳೋಕೆ ಏನೂ ಇಲ್ಲ.

ಕೇಳಿದವರು:

ಎಲ್ಲರಿಗೂ ಕೈಮುಗಿದು ಹೇಳ್ತೀನಿ, ತುಂಬಾ ಉಪಕಾರ ಆಯ್ತು. ಎಚ್‌ಆರ್ ಹತ್ರ ಮಾತಾಡಿದೆ, 30 ಅಂತ ಹಾಕಿದ್ದು ನನ್ನ ಫ್ಲೈಟ್ 31ಕ್ಕೆ ಇದೆ ಅಂತ ಅಷ್ಟೇ ಅಂತೆ, 31 ಮಾಡೋಕೆ ಒಪ್ಕೊಂಡ್ರು, ತಿದ್ದಿದ ಲೆಟರ್ ಸಂಜೆ ಬಂತು. ಟ್ಯಾಕ್ಸ್ ಆಫೀಸಿಗೆ ನಮ್ಮ ಬಿಲ್ಡಿಂಗಲ್ಲೇ ಇರೋ ಧಾರವಾಡದ ಅಣ್ಣ ಬರ್ತೀನಿ ಅಂದಿದಾರೆ, ಅವರು ಇನ್ನೂ ಐದು ವರ್ಷ ಇಲ್ಲೇ ಇರ್ತಾರೆ. ಪಾಸ್‌ಬುಕ್ ಫೋಟೋ ತಂಗಿ ಹತ್ರ ತರಿಸ್ಕೊಂಡು ನೋಡಿದೆ, ನಂದೂ ಎರಡು ಇನಿಷಿಯಲ್ಲೇ ಇದೆ. ಬಂದ ತಕ್ಷಣ ಮೊದಲ ಕೆಲಸ ಅದೇ.