ಸಿಲ್ವರಾಡೊ 4ಎಲ್60ಇ: ಬಿಸಿಯಾದ ಮೇಲೆ 1-2 ಗೇರ್ ಒದೆಯುತ್ತಿದೆ, ಶಿಫ್ಟ್ ಕಿಟ್ ಹಾಕಿದರೆ ಸರಿಹೋಗುತ್ತಾ?

ಹೇಮಾವತಿ_ಕಡೆಯವ:

ಎಲ್ಲರಿಗೂ ನಮಸ್ಕಾರ. ಊರು ಹಾಸನ, ಈಗ ಇರೋದು ಡಲ್ಲಾಸ್ ಹತ್ತಿರ. ಗಾಡಿ 2002ರ ಷೆವ್ರೊಲೆ ಸಿಲ್ವರಾಡೊ 1500, 5.3 ಲೀಟರ್ ವಿ8, 4ಎಲ್60ಇ ಆಟೊಮ್ಯಾಟಿಕ್. ಸೆಕೆಂಡ್‌ಹ್ಯಾಂಡ್ ತಗೊಂಡದ್ದು, ಎರಡು ಲಕ್ಷ ಮೈಲಿ ದಾಟಿದೆ. ವಾರವೆಲ್ಲ ಮನೆ ಮುಂದೆ ನಿಂತಿರುತ್ತೆ, ಶನಿವಾರ ಭಾನುವಾರ ಟ್ರೇಲರ್ ಎಳೆಯೋಕೆ ಬೇಕು.

ತಣ್ಣಗಿದ್ದಾಗ ಏನೂ ತೊಂದರೆ ಇಲ್ಲ, ಗೇರ್ ಬಿದ್ದದ್ದೇ ಗೊತ್ತಾಗಲ್ಲ. ಹೈವೇಯಲ್ಲಿ ಅರ್ಧ ಮುಕ್ಕಾಲು ಗಂಟೆ ಓಡಿಸಿ ಊರೊಳಗೆ ಬಂದರೆ, ಒಂದರಿಂದ ಎರಡಕ್ಕೆ ಹೋಗುವಾಗ ಢಮ್ ಅಂತ ಒದೆಯುತ್ತೆ. ಅದಕ್ಕೂ ಮುಂಚೆ ಹೈವೇಯಲ್ಲೇ, ಆಕ್ಸಲರೇಟರ್ ಮೇಲೆ ಕಾಲು ಒಂದೇ ಸಮ ಇಟ್ಟಿದ್ದರೂ ಆರ್‌ಪಿಎಂ ಒಂದಿಷ್ಟು ಮೇಲೇರಿ ಅಲ್ಲೇ ನಿಲ್ಲುತ್ತೆ. ಇಂಜಿನ್ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಸ್ವಲ್ಪ ಹೊತ್ತು ಮಾಮೂಲು.

ಇಲ್ಲಿನ ಒಬ್ಬ ಮೆಕ್ಯಾನಿಕ್ ಶಿಫ್ಟ್ ಕಿಟ್, ಅಂದ್ರೆ ಗೇರ್ ಬೀಳೋ ರೀತಿ ಬದಲಿಸೋ ಬಿಡಿಭಾಗಗಳ ಸೆಟ್, ಹಾಕಿಬಿಡು ಅಂದ. ತರಿಸಿದ್ದೀನಿ. ಸ್ಪ್ರಿಂಗ್‌ಗಳು, ಒಂದೆರಡು ವಾಲ್ವ್, ಸೆಪರೇಟರ್ ಪ್ಲೇಟಿಗೆ (ಒಳಗೆ ಆಯಿಲ್ ಹಾದುಹೋಗೋ ತೂತುಗಳಿರೋ ತಗಡು) ತೂತು ಕೊರೆಯೋಕೆ ಡ್ರಿಲ್ ಬಿಟ್ ಬಂದಿವೆ. ಕೇಳಬೇಕಾದ್ದು ಇಷ್ಟೇ: 1-2 ತೂತನ್ನು ಎಷ್ಟು ದೊಡ್ಡದು ಮಾಡಲಿ?

ನೊವೈ_ನಿವಾಸಿ:

ಡ್ರಿಲ್ ಕೆಳಗಿಡಿ. ಮೊದಲು ಗಾಡಿಯ ಕಂಪ್ಯೂಟರಿನಲ್ಲಿ ದಾಖಲಾದ ದೋಷದ ಕೋಡ್ ಓದಿಸಿ. ಚೆಕ್ ಇಂಜಿನ್ ದೀಪ ಉರಿಯದಿದ್ದರೂ ಓದಿಸಿ. ಪಾರ್ಟ್ಸ್ ಅಂಗಡಿಗಳಲ್ಲಿ ಪುಕ್ಕಟೆ ಓದಿ ಕೊಡ್ತಾರೆ.

ಹೇಮಾವತಿ_ಕಡೆಯವ:

ಓದಿಸಿದೆ ಸರ್. ಒಂದೇ ಕೋಡ್, ಪಿ1870. ಟ್ರಾನ್ಸ್‌ಮಿಷನ್ ಕಾಂಪೊನೆಂಟ್ ಸ್ಲಿಪ್ಪಿಂಗ್ ಅಂತ ಬಂತು. ಡಿಪ್‌ಸ್ಟಿಕ್ ಎಳೆದು ನೋಡಿದೆ, ಆಯಿಲ್ ಕೆಂಪಗೇ ಇದೆ, ಸುಟ್ಟ ವಾಸನೆ ಇಲ್ಲ. ಕ್ಲಚ್ ಹೋಯ್ತಾ? ಗೇರ್‌ಬಾಕ್ಸ್ ಇಳಿಸಬೇಕಾಗುತ್ತಾ?

ಕುಂದಾಪ್ರ_ಗೇರ್:

ಹೆದರ್ಬೇಡಿ ಮಾರಾಯ್ರೆ, ಈಗಲೇ ಇಳಿಸುವ ಲೆಕ್ಕ ಹಾಕ್ಬೇಡಿ. ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಗ್ಯಾರೇಜು ಕೆಲಸ ಮಾಡಿದವ ನಾನು. ಟಾಹೊ, ಸಬರ್ಬನ್, ಸಿಯೆರಾ, ಗಲ್ಫಿನಲ್ಲಿ ಇವಕ್ಕೇನು ಬರಗಾಲವಾ? ಆ ಕಾಲದ ಹೆಚ್ಚಿನವುಗಳ ಹೊಟ್ಟೆಯಲ್ಲಿ ಇದೇ 4ಎಲ್60ಇ. ನೀವು ಹೇಳಿದ ಮೂರು ಲಕ್ಷಣ ಒಟ್ಟಿಗೆ ಬಂದರೆ ನಾವು ಮೊದಲು ನೋಡುವುದು ವಾಲ್ವ್ ಬಾಡಿಯನ್ನು, ಅಂದರೆ ಆಯಿಲ್ ಪ್ರೆಶರನ್ನು ಬೇಕಾದ ಕಡೆ ತಿರುಗಿಸುವ ವಾಲ್ವುಗಳಿರುವ ಭಾಗವನ್ನು.

ಒಳಗೆ ಎಂತ ಆಗ್ತದೆ ಅಂದರೆ: ಇಂಜಿನ್ನಿನ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಹೈವೇ ವೇಗದಲ್ಲಿ ಜಾರದ ಹಾಗೆ ಲಾಕ್ ಆಗಬೇಕು. ಈ ಗೇರ್‌ಬಾಕ್ಸ್ 1982ರಲ್ಲಿ 700ಆರ್4 ಅಂತ ಬಂದಾಗ ಲಾಕ್ ಅಂದರೆ ಲಾಕ್, ಬಿಟ್ಟರೆ ಬಿಟ್ಟಿತು, ಅಷ್ಟೇ. 1993ರಲ್ಲಿ ಎಲೆಕ್ಟ್ರಾನಿಕ್ ಆಗಿ 4ಎಲ್60ಇ ಬಂತು. 1995ರ ಹೊತ್ತಿಗೆ ಲಾಕಪ್ಪನ್ನು ಮೆತ್ತಗೆ ಹಿಡಿಸಲಿಕ್ಕೆ ಅಂತ ಪಲ್ಸ್ ಕೊಡುವ ಸೊಲೆನಾಯ್ಡ್ (ಕರೆಂಟಿನಿಂದ ಆಯಿಲ್ ದಾರಿ ತೆರೆದು ಮುಚ್ಚುವ ಭಾಗ) ಹಾಕಿದರು. ಆ ಪಲ್ಸಿಗೆ ಟಿಸಿಸಿ ವಾಲ್ವ್, ಅಂದರೆ ಈ ಲಾಕಪ್ ಕ್ಲಚ್ಚಿನ ವಾಲ್ವ್, ಬಿಡುವಿಲ್ಲದೆ ನಡುಗ್ತಾ ಇರ್ತದೆ. ವಾಲ್ವ್ ಗಟ್ಟಿ, ಅದು ಕೂತಿರುವ ಬೋರು ಅಲ್ಯೂಮಿನಿಯಂ. ಲಕ್ಷ ಮೈಲಿ ಉಜ್ಜಿದರೆ ಬೋರು ಅಗಲ ಆಗ್ತದೆ, ಸಂದಿಯಲ್ಲಿ ಆಯಿಲ್ ಸೋರ್ತದೆ. ಬಿಸಿ ಆಯಿಲ್ ತೆಳು, ಹಾಗಾಗಿ ಬಿಸಿಯಾದ ಮೇಲೆಯೇ ಸೋರಿಕೆ ಹೆಚ್ಚು. ಲಾಕಪ್ ಜಾರ್ತದೆ. ನಿಮ್ಮ ಆರ್‌ಪಿಎಂ ಏರುವುದು ಅದಕ್ಕೆ.

ಇನ್ನು ಒದೆ ಯಾಕೆ? ಜಾರುವುದು ಕಂಪ್ಯೂಟರಿಗೆ ಕಾಣ್ತದೆ, ಆದರೆ ಯಾವುದು ಜಾರ್ತಿದೆ ಅಂತ ಗೊತ್ತಾಗುವುದಿಲ್ಲ. ಕ್ಲಚ್ ಉಳಿಸಲಿಕ್ಕೆ ಅಂತ ಅದು ಲಾಕಪ್ಪನ್ನು ಬಿಟ್ಟು, ಲೈನ್ ಪ್ರೆಶರನ್ನು (ಗೇರ್‌ಬಾಕ್ಸಿನ ಮುಖ್ಯ ಆಯಿಲ್ ಪ್ರೆಶರ್) ಪೂರ್ತಿ ಏರಿಸ್ತದೆ. ಆ ಪ್ರೆಶರಿನಲ್ಲಿ ಎರಡನೇ ಗೇರ್ ಬಿದ್ದರೆ ಒದೆಯದೆ ಇನ್ನೆಂತ ಮಾಡ್ತದೆ? 1-2ರಲ್ಲಿ ತೊಂದರೆಯೇ ಇಲ್ಲ. ಈಗ ನೀವು ಆ ತೂತನ್ನು ದೊಡ್ಡ ಮಾಡಿದರೆ ತಣ್ಣಗಿದ್ದಾಗಲೂ ಒದೀತದೆ, ಬಿಸಿಯಾದಾಗ ಡಿಫರೆನ್ಶಿಯಲ್ ಹಲ್ಲು ಎಣಿಸ್ಬೇಕಾಗ್ತದೆ.

ನನ್ನ ಮಾತು ನಂಬಬೇಡಿ, ಅಳೆದು ನೋಡಿ. ಕೇಸಿನ ಎಡಗಡೆ, ಶಿಫ್ಟ್ ಲಿವರಿನ ಮೇಲೆ, 1/8 ಇಂಚಿನ ಒಂದು ಪ್ಲಗ್ ಉಂಟು. ಅಲ್ಲಿ 300 ಪಿಎಸ್‌ಐ ಗೇಜ್ ಹಾಕಿ. ಲೈವ್ ಡೇಟಾ ತೋರಿಸುವ ಸ್ಕ್ಯಾನರಿನಲ್ಲಿ ಪ್ರೆಶರ್ ಕಂಟ್ರೋಲ್ ಸೊಲೆನಾಯ್ಡಿನ ಕರೆಂಟ್ ನೋಡಿ. ಇದು ಉಲ್ಟಾ ಲೆಕ್ಕ: ಕರೆಂಟ್ ಹೆಚ್ಚಿದರೆ ಪ್ರೆಶರ್ ಇಳೀತದೆ. 0.98 ಆಂಪಿಗೆ 55ರಿಂದ 65 ಪಿಎಸ್‌ಐ, 0.50ಕ್ಕೆ 140ರಿಂದ 160, 0.02ಕ್ಕೆ 170ರಿಂದ 190. ಒದೆಯುವ ಹೊತ್ತಿಗೆ ಕರೆಂಟ್ ಸೊನ್ನೆ ಹತ್ತಿರ ಇದ್ದರೆ ಕಂಪ್ಯೂಟರೇ ಬೇಕಂತ ಏರಿಸಿದೆ ಅಂತ ಅರ್ಥ. ಕರೆಂಟ್ ಸರಿಯಾಗಿದ್ದು ಪ್ರೆಶರ್ ಮಾತ್ರ ಏರಿದರೆ ಆಗ ಸೊಲೆನಾಯ್ಡ್ ಕೆಟ್ಟಿದೆಯಾ ನೋಡುವ.

ಧಾರವಾಡ_ಡೀಸೆಲ್:

ನಮ್ಮ ಬೊಲೆರೊ ಪಿಕಪ್ಪಿಗೆ ಗೇರಿನ ಕೋಲು ಐತಿ, ಎಡಗಾಲಿಗೆ ಕ್ಲಚ್ ಐತಿ, ಈ ತಲಿನೋವು ನಮಗಿಲ್ಲರಿ 😀 ಆದ್ರೂ ಒಂದ್ ಮಾತು ಕೇಳ್ತೀನಿ. ಎಲ್ಲಾ ರಗಳೆ ಲಾಕಪ್ಪಿಂದ ಬರ್ತಿದ್ರ ಅದರ ವೈರ್ ಕಿತ್ತು ಒಗದ್ರ ಆತಲ್ಲ?

ಕುಂದಾಪ್ರ_ಗೇರ್:

ಹಾಗೆ ಓಡಿಸುವವರು ಇದ್ದಾರೆ. ಆದರೆ ಲಾಕ್ ಇಲ್ಲದ ಕನ್ವರ್ಟರ್ ಆಯಿಲನ್ನು ಕಡೆಯುತ್ತಲೇ ಇರ್ತದೆ, ಆ ಶಾಖ ಎಲ್ಲ ಗೇರ್‌ಬಾಕ್ಸಿಗೆ. ಟೆಕ್ಸಾಸ್ ಬೇಸಿಗೆ, ಹಿಂದೆ ಟ್ರೇಲರ್ ಬೇರೆ. ಈ ಗೇರ್‌ಬಾಕ್ಸಿನಲ್ಲಿ ಮೊದಲು ಸುಡುವುದು ಮೂರು, ನಾಲ್ಕನೇ ಗೇರಿನ 3-4 ಕ್ಲಚ್ ಪ್ಯಾಕ್. ಅದು ಹೋದರೆ ಆಮೇಲೆ ನಿಜವಾಗಿಯೂ ಇಳಿಸ್ಬೇಕು.

ಹೇಮಾವತಿ_ಕಡೆಯವ:

ಅಳೆದೆ ಸರ್. ಬಿಸಿಯಾಗಿ ಒದೆಯೋಕೆ ಶುರುವಾದ ಮೇಲೆ ಕರೆಂಟ್ ನೆಲಕಚ್ಚಿದೆ, ಗೇಜ್ 180ರ ಆಸುಪಾಸಿನಲ್ಲಿದೆ. ಕೀ ಆಫ್ ಮಾಡಿ ಸ್ಟಾರ್ಟ್ ಮಾಡಿದರೆ ಐಡಲ್‌ನಲ್ಲಿ 60ಕ್ಕೆ ಇಳಿಯುತ್ತೆ. ನೀವು ಹೇಳಿದ ಹಾಗೇ.

ಹಾಗಾದ್ರೆ ಕಿಟ್ ವಾಪಸ್ ಕೊಟ್ಟುಬಿಡಲಾ?

ಕುಂದಾಪ್ರ_ಗೇರ್:

ಕೊಡ್ಬೇಡಿ. ಹೇಗೂ ವಾಲ್ವ್ ಬಾಡಿ ಇಳೀತದೆ, ಆಗ ಕಿಟ್‌ನಲ್ಲಿ ಬೇಕಾದ್ದನ್ನು ಹಾಕುವ. ಆದರೆ ಮೊದಲು ಬೋರು.

ವಾಲ್ವ್ ಬಾಡಿ ಕೈಗೆ ಬಂದ ಮೇಲೆ ಟಿಸಿಸಿ ಬೋರಿನ ವಾಲ್ವನ್ನು ಆಯಿಲ್ ಒರೆಸಿ ಅಡ್ಡಡ್ಡ ಅಲ್ಲಾಡಿಸಿ ನೋಡಿ. ಅಲ್ಲಾಡಿದರೆ ಸವೆದಿದೆ. ಅದಕ್ಕೆ ಮೂರು ದಾರಿ. ರೀಮರಿನಲ್ಲಿ ಬೋರು ಅಗಲಿಸಿ ದೊಡ್ಡ ಸೈಜಿನ ವಾಲ್ವ್ ಹಾಕುವುದು. ರೀಮರ್ ದುಬಾರಿ, ಮನೆಯಲ್ಲಿ ಹಿಡಿದರೆ ಸೊಟ್ಟ ಆಗುವ ಭಯ. ಎರಡನೆಯದು, ಬೋರು ರಿಪೇರಿ ಆದ ರೀಮ್ಯಾನ್, ಅಂದರೆ ಹಳತನ್ನೇ ಹೊಸದರ ಹಾಗೆ ಮಾಡಿದ, ವಾಲ್ವ್ ಬಾಡಿ ತರುವುದು. ಮೂರನೆಯದು, ಲಾಕಪ್ಪನ್ನು ಹಳೇ ಕಾಲದ ಹಾಗೆ ಒಮ್ಮೆಗೇ ಹಿಡಿಸುವ ವಾಲ್ವ್. ಕೆಲವು ಕಿಟ್‌ಗಳಲ್ಲಿ ಅದೇ ಇರ್ತದೆ. ಮನೆಯಲ್ಲಿ ಮಾಡುವವರಿಗೆ ನಾನು ಎರಡನೆಯದನ್ನೇ ಹೇಳುವುದು. ಖರ್ಚು ಹೆಚ್ಚು, ತಲೆಬಿಸಿ ಕಡಿಮೆ.

ಪ್ಯಾನ್ ಬಿಚ್ಚಿದಾಗ ಅಯಸ್ಕಾಂತ ನೋಡಿ. ಬೂದು ಬಣ್ಣದ ನುಣುಪು ಕೆಸರು ಇದ್ದರೆ ಅದು ಸಹಜ. ಕಪ್ಪು ಚೂರು, ಹಿತ್ತಾಳೆ ಬಣ್ಣದ ಚಕ್ಕೆ ಕಂಡರೆ ಕೆಲಸ ಅಲ್ಲಿಗೇ ನಿಲ್ಲಿಸಿ ಒಂದು ಫೋಟೊ ಹಾಕಿ. ಸುಟ್ಟ ಕ್ಲಚ್ಚಿಗೆ ಯಾವ ಕಿಟ್ಟೂ ಜೀವ ಕೊಡುವುದಿಲ್ಲ.

ಬಾಡಿ ಇಳಿಸುವಾಗ ಚೆಕ್ ಬಾಲ್‌ಗಳು, ಆಯಿಲನ್ನು ಒಂದೇ ದಿಕ್ಕಿಗೆ ಬಿಡುವ ಸಣ್ಣ ಗುಂಡುಗಳು, ಉದುರ್ತವೆ. ಯಾವುದು ಎಲ್ಲಿತ್ತು ಅಂತ ಫೋಟೊ ತೆಗೆದುಕೊಳ್ಳಿ, ಜೋಡಿಸುವಾಗ ಕಿಟ್‌ನ ಚಿತ್ರಕ್ಕೆ ಹೊಂದಿಸಿ. ಬಾಲ್ ಬೀಳದ ಹಾಗೆ ವ್ಯಾಸಲೀನ್ ಮೆತ್ತಿ ಹಿಡಿಸಿ. ವ್ಯಾಸಲೀನ್ ಬಿಸಿ ಆಯಿಲಿನಲ್ಲಿ ಕರಗಿ ಹೋಗ್ತದೆ. ಬೇರಿಂಗ್ ಗ್ರೀಸ್ ಕರಗುವುದಿಲ್ಲ, ಸಣ್ಣ ತೂತಿನಲ್ಲಿ ಕೂತುಬಿಡ್ತದೆ. ಬೋಲ್ಟುಗಳು ಬೇರೆ ಬೇರೆ ಉದ್ದ. ರಟ್ಟಿನಲ್ಲಿ ವಾಲ್ವ್ ಬಾಡಿಯ ಆಕಾರ ಬರೆದು ಆಯಾ ಜಾಗದಲ್ಲಿ ಚುಚ್ಚಿಡಿ. ಬಿಗಿ 97 ಇಂಚು-ಪೌಂಡ್, ಅಂದರೆ 11 ನ್ಯೂಟನ್ ಮೀಟರ್. ಕೇಸು ಅಲ್ಯೂಮಿನಿಯಂ, ಉದ್ದ ಕೈಯ ಸ್ಪ್ಯಾನರ್ ಹತ್ತಿರ ತರಲೇಬೇಡಿ.

1-2 ಗೇರ್ ಬೀಳುವುದನ್ನು ಮೆತ್ತಗೆ ಮಾಡುವ ಅಕ್ಯುಮ್ಯುಲೇಟರ್ ಪಿಸ್ಟನ್ ಪಿನ್ನಿನ ಜಾಗದಲ್ಲಿ ಸವೆದಿರ್ತದೆ, ಅದನ್ನು ಬದಲಿಸಿ. ತೂತು ಕೊರೆಯುವುದಾದರೆ ಕಿಟ್ ಹೇಳುವ ಸೈಜುಗಳಲ್ಲಿ ಅತಿ ಚಿಕ್ಕದು. ತೂತಿನ ಎರಡೂ ಬದಿಯ ಅಂಚಿನಲ್ಲಿ ಎದ್ದ ಚೂಪನ್ನು ಚಪ್ಪಟೆ ಅರದಲ್ಲಿ ಉಜ್ಜಿ ತೆಗೆಯಿರಿ. ದೊಡ್ಡದು ಬೇಕಾದರೆ ಮುಂದೆ ಮಾಡಬಹುದು, ಚಿಕ್ಕದು ಮಾಡಲಿಕ್ಕೆ ಹೊಸ ಪ್ಲೇಟೇ ಬೇಕು.

ನೊವೈ_ನಿವಾಸಿ:

ಜೊತೆಗೆ ಕಾರ್ವೆಟ್ ಸರ್ವೊ ಕೂಡ ಹಾಕಿಸಿ. ಎರಡನೇ ಗೇರ್ ಬ್ಯಾಂಡ್ ಹಿಡಿಯೋ ಪಿಸ್ಟನ್ ದೊಡ್ಡದು, 1-2 ಗಟ್ಟಿಯಾಗಿ ಬೀಳುತ್ತೆ. ಟ್ರೇಲರ್ ಎಳೆಯೋ ಗಾಡಿಗೆ ಒಳ್ಳೇದು.

ಕುಂದಾಪ್ರ_ಗೇರ್:

ಒಳ್ಳೇದೇ, ಆದರೆ ಈಗ ಬೇಡ. ನಾಲ್ಕು ವಿಷಯ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಎಂತ ಆಯ್ತು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಆ ದುಡ್ಡಿಗೆ ರೇಡಿಯೇಟರ್ ಮುಂದೆ ಒಂದು ಬೇರೆ ಆಯಿಲ್ ಕೂಲರ್ ಹಾಕಿಸಲಿ. ಶಿಫ್ಟ್ ಕಿಟ್ ಅಂದರೆ ಸೀಟಿಗೆ ಬೆನ್ನು ಬಡೀಬೇಕು ಅಂತ ನಂಬಿದವರು ಗಲ್ಫಿನಲ್ಲೂ ತುಂಬ ಜನ. ಗೇರ್ ಬದಲಾಗುವ ಹೊತ್ತಿನಲ್ಲಿ ಕ್ಲಚ್ ಜಾರುವ ಸಮಯ ಕಡಿಮೆ ಆಗಬೇಕು, ಶಾಖ ಕಡಿಮೆ ಆಗಬೇಕು, ಅಷ್ಟೇ ಅದರ ಕೆಲಸ.

ಹೇಮಾವತಿ_ಕಡೆಯವ:

ಬಿಚ್ಚಿದೆ. ಅಯಸ್ಕಾಂತದಲ್ಲಿ ಬೂದು ಕೆಸರು ಮಾತ್ರ. ಹಳೇ ವಾಲ್ವ್ ಬೆರಳಲ್ಲಿ ಮುಟ್ಟಿದರೆ ಲೊಡಲೊಡ ಅನ್ನುತ್ತೆ. ರೀಮ್ಯಾನ್ ವಾಲ್ವ್ ಬಾಡಿ, ಹೊಸ ಅಕ್ಯುಮ್ಯುಲೇಟರ್ ಪಿಸ್ಟನ್, ಫಿಲ್ಟರ್, ಕಿಟ್ ಸ್ಪ್ರಿಂಗ್, ಚಿಕ್ಕ ತೂತು, ಎಲ್ಲ ಆಯ್ತು. ಡೆಕ್ಸ್ರಾನ್ 6 ಆಯಿಲ್ ಸುಮಾರು 5 ಕ್ವಾರ್ಟ್ ಹಿಡಿಯಿತು.

ಈಗ ಹೊಸ ಕಥೆ. ಡಿ ಹಾಕಿದರೆ ಗಾಡಿ ಎದ್ದೇಳೋದೇ ಇಲ್ಲ, ಮೂರನೇ ಗೇರಲ್ಲಿ ಹೊರಟ ಹಾಗೆ ಎಳೆಯುತ್ತೆ. ಮೇಲಿನ ಗೇರಿಗೂ ಹೋಗಲ್ಲ. ರಿವರ್ಸ್ ಸರಿ. ಕೋಡ್‌ಗಳು ಪಿ0753, ಪಿ0758, ಪಿ0785, ಪಿ0740, ಪಿ1860. ಬಾಲ್ ಏನಾದ್ರೂ ತಪ್ಪು ಜಾಗದಲ್ಲಿ ಕೂತಿದೆಯಾ? ಮತ್ತೆ ಪ್ಯಾನ್ ಬಿಚ್ಚಬೇಕಾ?

ಕುಂದಾಪ್ರ_ಗೇರ್:

ಪ್ಯಾನ್ ಮುಟ್ಟಬೇಡಿ. ಚೆಕ್ ಬಾಲ್ ತಪ್ಪಿದರೆ ಒದೆಯುತ್ತದೆ, ಜಾರುತ್ತದೆ, ಐದೈದು ಎಲೆಕ್ಟ್ರಿಕಲ್ ಕೋಡ್ ಬರುವುದಿಲ್ಲ.

ಈ ಗೇರ್‌ಬಾಕ್ಸಿನಲ್ಲಿ ಎರಡೂ ಶಿಫ್ಟ್ ಸೊಲೆನಾಯ್ಡಿಗೆ ಕರೆಂಟ್ ಇಲ್ಲದಿದ್ದರೆ ಡಿ ಅಂದರೆ ಮೂರನೇ ಗೇರ್. ಅದು ಅದರ ಹುಟ್ಟುಗುಣ. ನಿಮ್ಮ ಒಂದೊಂದು ಕೋಡೂ ಒಂದೊಂದು ಸೊಲೆನಾಯ್ಡಿನದ್ದು, ಐದೂ ಒಂದೇ ದಿನ ಸಾಯುವುದಿಲ್ಲ. ಈಗ ನಿಮ್ಮ ಪಟ್ಟಿಯಲ್ಲಿ ಎಂತ ಇಲ್ಲ ನೋಡಿ: ಪಿ0748. ಅದು ಪ್ರೆಶರ್ ಕಂಟ್ರೋಲ್ ಸೊಲೆನಾಯ್ಡಿನದ್ದು. ಕನೆಕ್ಟರೇ ಕೂತಿರದಿದ್ದರೆ ಅದೂ ಬರಬೇಕಿತ್ತು. ಆ ಒಂದು ಸೊಲೆನಾಯ್ಡಿಗೆ ಎರಡು ವೈರೂ ಕಂಪ್ಯೂಟರಿನಿಂದಲೇ ಬರ್ತದೆ. ಉಳಿದ ಐದಕ್ಕೂ 12 ವೋಲ್ಟ್ ಕೊಡುವುದು ಒಂದೇ ಗುಲಾಬಿ ವೈರು, ಕೇಸ್ ಕನೆಕ್ಟರಿನ ಇ ಪಿನ್. ಅದೊಂದು ಕಡೆ ಕರೆಂಟ್ ತಪ್ಪಿದೆ.

ಮೊದಲು ಫ್ಯೂಸ್ ನೋಡಿ. ಅದು ಸರಿಯಿದ್ದರೆ ಬಲಗಡೆಯ ದುಂಡನೆ ಕನೆಕ್ಟರ್ ಕಳಚಿ, ಕೀ ಆನ್ ಮಾಡಿ, ಇ ಪಿನ್ನಿಗೆ ಟೆಸ್ಟ್ ಲ್ಯಾಂಪ್ ಹಿಡಿಯಿರಿ. ಲ್ಯಾಂಪ್ ಉರಿದರೆ ಗಾಡಿ ಕಡೆಯ ವೈರು ಸರಿ, ಆ ಟರ್ಮಿನಲ್ ತನ್ನ ಮನೆಯಲ್ಲಿ ಹಿಂದೆ ಸರಿದಿದೆಯಾ ನೋಡಿ.

ಧಾರವಾಡ_ಡೀಸೆಲ್:

ಇಲ್ಲದ ಕೋಡ್ ನೋಡಿ ರೋಗ ಹಿಡಿದ್ರಲ್ರಿ! ಇದನ್ನ ಬರದಿಟ್ಕೋಬೇಕು.

ಹೇಮಾವತಿ_ಕಡೆಯವ:

ಲ್ಯಾಂಪ್ ಉರಿಯಿತು. ಟಾರ್ಚ್ ಹಿಡಿದು ನೋಡಿದರೆ ಆ ಒಂದು ಟರ್ಮಿನಲ್ ಪಕ್ಕದವಕ್ಕಿಂತ ಒಳಕ್ಕೆ ಸರಿದಿದೆ. ಹಳೇ ಪ್ಲಾಸ್ಟಿಕ್, ಹಿಡಿದಿಡುವ ಕೊಕ್ಕೆ ಮುರಿದುಹೋಗಿದೆ. ಸದ್ಯಕ್ಕೆ ಮುಂದೆ ತಳ್ಳಿ ಕೂರಿಸಿದೆ, ಹೊಸ ಕನೆಕ್ಟರ್ ಆರ್ಡರ್ ಹಾಕಿದೆ. ಕೋಡ್ ಅಳಿಸಿದೆ. ಒಂದು, ಎರಡು, ಮೂರು, ನಾಲ್ಕು, ಎಲ್ಲ ಬೀಳ್ತಿವೆ. ಇವತ್ತು ಟ್ರೇಲರ್ ಕಟ್ಟಿ ವೇಕೋವರೆಗೂ ಹೋಗಿ ಬಂದೆ, ಬಿಸಿಲು ಜೋರಿತ್ತು. ಆರ್‌ಪಿಎಂ ಅಲ್ಲಾಡಲಿಲ್ಲ, ಪಿ1870 ಬರಲಿಲ್ಲ. ತುಂಬ ಉಪಕಾರ ಆಯ್ತು ಸರ್.

ಒಂದೇ ಅನುಮಾನ. ಆಕ್ಸಲರೇಟರ್ ಮೆಲ್ಲಗೆ ಒತ್ತಿ ಹೋದಾಗ 1-2 ಇನ್ನೂ ಕೊಂಚ ಗಡುಸು.

ಕುಂದಾಪ್ರ_ಗೇರ್:

ಹಳೇ ಬಾಡಿಯ ಸೋರಿಕೆಗೆ ತಕ್ಕ ಹಾಗೆ ಕಂಪ್ಯೂಟರ್ ಕಲಿತದ್ದು ಇನ್ನೂ ಹಾಗೇ ಉಂಟು. ಕೋಡ್ ಅಳಿಸಿದರೆ ಅದು ಹೋಗುವುದಿಲ್ಲ. ಸ್ಕ್ಯಾನರಿನಲ್ಲಿ ಟ್ರಾನ್ಸ್‌ಮಿಷನ್ ಅಡಾಪ್ಟ್ ರೀಸೆಟ್ ಅಂತ ಬೇರೆ ಇರ್ತದೆ, ಅದನ್ನು ಮಾಡಿಸಿ. ಆಮೇಲೆ ಮೆಲ್ಲಗೆ, ಆಕ್ಸಲರೇಟರ್ ಅರ್ಧ ಒತ್ತಿ, ಬೇರೆ ಬೇರೆ ಥರ ಓಡಿಸಿ ಕಂಪ್ಯೂಟರಿಗೆ ಕಲಿಸಿ. ಆಯಿಲ್ ಮಟ್ಟವನ್ನು ಇಂಜಿನ್ ಓಡುತ್ತಿರುವಾಗ, ಪಾರ್ಕ್‌ನಲ್ಲಿ, ಪೂರ್ತಿ ಬಿಸಿಯಾದ ಮೇಲೆ ಇನ್ನೊಮ್ಮೆ ನೋಡಿ. ಆಮೇಲೂ ಗಡುಸಿದ್ದರೆ ಬಿಸಿ ಐಡಲ್‌ನ ಪ್ರೆಶರ್ ಎಷ್ಟು ಅಂತ ಇಲ್ಲಿ ಹಾಕಿ, ಕರೆಂಟ್ ಜೊತೆಗೆ.