ಆಪ್ಟಿಕಲ್ ಕೇಬಲ್ ದುಬಾರಿದು ಹಾಕಿದ್ರ ಆವಾಜ್ ಸುಧಾರಿಸ್ತದೇನ್ರಿ?

ಕೇಳಿದವರು (ಕಲಬುರಗಿ, ಜೇವರ್ಗಿ ರಸ್ತೆ):
ಟಿವಿ ಮತ್ತು ಸಿಡಿ ಪ್ಲೇಯರ್‌ನಿಂದ ಆಂಪ್ಲಿಫೈಯರ್‌ಗೆ ಆಪ್ಟಿಕಲ್ ಕೇಬಲ್ ಹಾಕೋದದ. ದೂರ ಎರಡು ಮೀಟರ್ ಒಳಗ. ಸೂಪರ್ ಮಾರ್ಕೆಟ್ ಕಡೆ ಒಂದು ಅಂಗಡ್ಯಾಗ 300 ರೂಪಾಯಿದೂ ತೋರಿಸಿದ್ರು, 4,500 ರೂಪಾಯಿದೂ ತೋರಿಸಿದ್ರು. ದುಬಾರಿದ್ದಕ್ಕ ತುದೀಗಿ ಬಂಗಾರದ ಲೇಪ ಅದ, ಹಾಡು ಬಿಚ್ಚಿ ಕೇಳ್ತದ ಅಂದ್ರು. ಅಪ್ಪಾಜಿ ಹಿಂದೂಸ್ತಾನಿ ಸಿಡಿ ಭಾಳ ಕೇಳ್ತಾರ, ರಾತ್ರಿ ನಾವು ಸಿನಿಮಾ ನೋಡ್ತೀವಿ. ಖರೇ ಫರಕ್ ಬೀಳ್ತದೇನು? ಹಾಕಿ ನೋಡಿದವರು ಹೇಳ್ರಿ.

ಬೀದರ್‌ನಿಂದ:
ನಾನು ಅಗ್ಗದ್ದೂ ದುಬಾರಿದೂ ಎರಡೂ ಹಚ್ಚಿ ಕೇಳೀನ್ರಿ. ಮನಿಯವರು ಕೇಬಲ್ ಬದಲಿಸೋರು, ನಾನು ಬೆನ್ನು ತಿರುಗಿಸಿ ಕೂಡ್ತಿದ್ದೆ. ಬರೇ ತಂಬೂರಿ ಮ್ಯಾಲೆ ನಡಿಯೋ ಆಲಾಪ ಹಚ್ಚಿದ್ದೆ, ಎಷ್ಟು ಸಣ್ಣ ಕರಕರಿ ಇದ್ರೂ ಅಲ್ಲಿ ಸಿಕ್ಕಿ ಬೀಳ್ತದ. ಯಾವುದು ಯಾವಾಗ ಹಚ್ಚ್ಯಾರ ಅಂತ ಹೇಳಲಿಕ್ಕೇ ಬರಲಿಲ್ಲ.

ಕಲಬುರಗಿಯಿಂದ, ಸ್ಪೀಕರ್ ಫಿಟಿಂಗ್ ಮಾಡೋರು:
ಅಣ್ಣಾರ, ಈ ಕೇಬಲ್‌ನಾಗ ಕರೆಂಟ್ ಹರಿಯಂಗೇ ಇಲ್ಲ, ಹರಿಯೋದು ಕೆಂಪು ಬೆಳಕು. ಬಂಗಾರ ಲೇಪಿಸಿದ್ರ ಬೆಳಕಿಗೇನು ಲಾಭ? ಒಂದು ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಎಳಿಯಾಗ ಬೆಳಕು ಹತ್ತಿ ಆರಿ, ಹತ್ತಿ ಆರಿ ಅಂಕಿ ಕಳಿಸ್ತದ. ಟಿವಿಯ 48 ಕಿಲೋಹರ್ಟ್ಸ್ ಆವಾಜ್ (ಸೆಕೆಂಡಿಗಿ 48,000 ಸಲ ಅಳೆದದ್ದು) ಅಂದ್ರ ಸೆಕೆಂಡಿಗಿ 30 ಲಕ್ಷಕ್ಕೂ ಹೆಚ್ಚು ಬಿಟ್, ಅಂದ್ರ ಸೊನ್ನಿ ಇಲ್ಲಾ ಒಂದು. ಆ ಕಡೆಯವ ನೋಡೋದು ಬೆಳಕು ಅದನೋ ಇಲ್ಲೋ, ಅಷ್ಟೇ.

ಬೆಳಕು ಸಾಲದೇ ಹೋದ್ರ ಏನಾಗ್ತದ ಕೇಳ್ರಿ. ಬಿಟ್ ತಪ್ಪಿದ್ದು ಗೊತ್ತಾಗಲಿಕ್ಕ ಒಂದು ಪ್ಯಾರಿಟಿ ಬಿಟ್ ಇರ್ತದ, ತಪ್ಪಿದ್ದನ್ನ ರಿಪೇರಿ ಮಾಡೋ ವ್ಯವಸ್ಥಾ ಇಲ್ಲ. ಹಂಗಾಗಿ ಟಿಕ್ ಟಿಕ್ ಅಂತದ, ನಡುನಡುವ ಕಡೀತದ, ಇಲ್ಲಾ ಪೂರಾ ಬಂದ್ ಆಗ್ತದ. ಬೇಸ್ ದಪ್ಪ ಆಗೋದು, ಗಂಟಲು ಮೆತ್ತಗಾಗೋದು ಈ ದಾರ್‍ಯಾಗ ಸಾಧ್ಯನೇ ಇಲ್ಲ. ಡಾಲ್ಬಿ (ಆವಾಜ್ ಒತ್ತಿ ಸಣ್ಣದು ಮಾಡಿ ಕಳಿಸೋ ಪದ್ಧತಿ) ಸಿನಿಮಾ ನೋಡುವಾಗಂತೂ ಇದು ಎದ್ದು ಕಾಣ್ತದ: ಕೆಟ್ಟ ಡೇಟಾ ಬಂದ್ರ ಅದನ್ನ ಬಿಚ್ಚೋ ಡಿಕೋಡರ್ ಆ ತುಣುಕು ನುಡಿಸೋದೇ ಇಲ್ಲ, ಗಪ್ ಅಂತದ.

ಕೇಬಲ್‌ನಿಂದ ತ್ರಾಸಾದ ಮನಿ ನಾ ನೋಡೀನಿ. ದಾಲ್ ಮಿಲ್ ಬಾಜೂ ಒಂದು ಮನಿ, ಹಾಡು ಕಡೀತದ ಅಂತ ಕರೆಸಿದ್ರು. ತುದಿ ಕಿತ್ತು ಅಂಗೈ ಮುಂದ ಹಿಡಿದ್ರ ಕೆಂಪು ಚುಕ್ಕಿ ಮಬ್ಬಾಗಿ ಬೀಳ್ತಿತ್ತು. ತೊಗರಿ ಧೂಳು ತುದೀಗಿ ಸಣ್ಣ ಪದರಾಗಿ ಕೂತಿತ್ತು. ಅದರ ಮ್ಯಾಲೆ ಟಿವಿ ಗ್ವಾಡೀಗಿ ಒತ್ತಿ ಕೇಬಲ್ ಚೂಪಾಗಿ ಮಡಚಿತ್ತು. ಚಷ್ಮಾ ಒರೆಸೋ ಒಣ ಬಟ್ಟಿಲೆ ಒರೆಸಿ, ಮಡಿಕಿ ಬಿಡಿಸಿ ಅಗಲ ಸುತ್ತು ಕೊಟ್ಟೆ. ಅದೇ ಕೇಬಲ್ ಈಗೂ ನಡದದ. ನೀವು ಹೊಸದು ತಂದಾಗ ಎರಡೂ ತುದಿಯ ಸಣ್ಣ ಟೊಪ್ಪಿಗಿ ಮೊದಲು ತೆಗೀರಿ. ಅದು ಹಂಗೇ ಇಟ್ಟು ಆವಾಜ್ ಬರವಲ್ದು ಅಂತ ಫೋನ್ ಮಾಡೋರು ಭಾಳ ಮಂದಿ.

ಯಾದಗಿರಿಯಿಂದ:
ನಮ್ಮಲ್ಲಿ ಆಪ್ಟಿಕಲ್ ಹಾಕಿದ ಮ್ಯಾಲೆ ಆವಾಜ್ ಖರೇನೇ ಸುಧಾರಿಸ್ತು, ಕಾರಣ ಬ್ಯಾರೆ. ಮೊದಲು ತಾಮ್ರದ ಆರ್‌ಸಿಎ ವೈರ್ ಇತ್ತು. ಕೇಬಲ್ ಟಿವಿಯವರ ವೈರ್ ಸೆಟ್ ಟಾಪ್ ಬಾಕ್ಸಿಗಿ ಸಿಗಿಸಿದ ಕೂಡಲೇ ಸ್ಪೀಕರ್‌ನಾಗ ಗುಂಯ್ ಅಂತ ಶುರು ಆಗೋದು. ಆ ವೈರ್ ಒಂದು ಕಡೆ ಅರ್ಥಿಂಗ್, ಮನಿ ಕರೆಂಟಿಂದು ಇನ್ನೊಂದು ಕಡೆ, ಎರಡರ ನಡುವ ಸಣ್ಣ ಕರೆಂಟ್ ಓಡಾಡ್ತಿತ್ತು. ಬೆಳಕಿನ ಕೇಬಲ್‌ನಾಗ ಅದಕ್ಕ ದಾರಿನೇ ಇಲ್ಲ. ಗುಂಯ್ ನಿಂತು ಹೋಯ್ತು. ನಂದು ಅಗ್ಗದ ಕೇಬಲ್ಲೇ ರೀ.

ಕಲಬುರಗಿಯಿಂದ, ಎಲೆಕ್ಟ್ರಾನಿಕ್ಸ್ ಪಾಠ ಹೇಳುವವರು:
ಮೇಲಿನ ಮಾತುಗಳನ್ನು ಒಪ್ಪುತ್ತೇನೆ, ಆದರೆ ಜಿಟ್ಟರ್ ವಿಷಯ ಬಿಟ್ಟುಹೋಗಬಾರದು. ಅಂಕಿಗಳು ಸರಿಯಿದ್ದರೂ ಅವು ಬಂದು ಮುಟ್ಟುವ ಗಳಿಗೆ ಚೂರು ಹಿಂದುಮುಂದಾಗುತ್ತದೆ. 1983ರಲ್ಲಿ ತೋಶಿಬಾ ಸಿಡಿ ಪ್ಲೇಯರ್‌ಗಳಿಗಾಗಿ ತಂದ ಈ ಟಾಸ್‌ಲಿಂಕ್‌ನಲ್ಲಿ (ಇದೇ ಆಪ್ಟಿಕಲ್ ಜೋಡಣೆಯ ಹೆಸರು) ಅದು ಕೋಆಕ್ಸಿಯಲ್‌ಗಿಂತ, ಅಂದರೆ ತಾಮ್ರದ ಡಿಜಿಟಲ್ ಕೇಬಲ್‌ಗಿಂತ, ಸಾಮಾನ್ಯವಾಗಿ ಹೆಚ್ಚು. ಇಂದಿನ ಆಂಪ್ಲಿಫೈಯರ್‌ಗಳ ಒಳಗಿನ ಸರ್ಕ್ಯೂಟ್ ಆ ಏರುಪೇರನ್ನು ಬಹುಮಟ್ಟಿಗೆ ಸರಿಪಡಿಸುತ್ತದೆ. ನಿಮ್ಮದು ತುಂಬ ಹಳೆಯ ಡಿಎಸಿ (ಅಂಕಿಗಳನ್ನು ಧ್ವನಿಯ ಸಂಕೇತವಾಗಿಸುವ ಸಾಧನ) ಆಗಿದ್ದರೆ ಮಾತ್ರ ಯೋಚಿಸಿ, ಆಗಲೂ ಕೇಬಲ್‌ಗಲ್ಲ, ಡಿಎಸಿಗೆ ಹಣ ಹಾಕಿ. ಗಾಜಿನ ಎಳೆಯ ಕೇಬಲ್ ಉಪಯೋಗಕ್ಕೆ ಬರುವುದು ಹತ್ತು ಮೀಟರ್ ಆಚೆಗೆ ಒಯ್ಯುವಾಗ. ಸಿನಿಮಾಕ್ಕೆ ಡಾಲ್ಬಿ ಡಿಜಿಟಲ್ 5.1 ಇದರಲ್ಲಿ ಬರುತ್ತದೆ, ಅದಕ್ಕಿಂತ ಹೆಚ್ಚು ಡೇಟಾ ಬೇಡುವ ಡಾಲ್ಬಿ ಟ್ರೂಎಚ್‌ಡಿ ಬರುವುದಿಲ್ಲ. ಅದು ಬೇಕಿದ್ದರೆ ಎಚ್‌ಡಿಎಂಐ ಹಿಡಿಯಿರಿ.

ಕೇಳಿದವರು:
ಎಲ್ಲಾರಿಗೂ ಶರಣು. ಅಗ್ಗದ್ದೇ ತರ್ತೀನಿ. ನಮ್ಮ ಆಂಪ್ಲಿಫೈಯರ್ ಎರಡೇ ಚಾನೆಲ್‌ದು, ನಡೀತದಲ್ರಿ? ಸಿನಿಮಾದಾಗ ಮಾತು ಗೊಗ್ಗರಾಗಿ ಕೇಳ್ತದ, ಅದಕ್ಕೇನು ಮಾಡಬೇಕು?

ಸ್ಪೀಕರ್ ಫಿಟಿಂಗ್ ಮಾಡೋರು:
ನಡೀತದ್ರಿ. ಟಿವಿ ಸೆಟಿಂಗ್‌ನಾಗ ಡಿಜಿಟಲ್ ಔಟ್‌ಪುಟ್ ‘ಪಿಸಿಎಂ’ (ಒತ್ತದೇ ಇರೋ ಸಾದಾ ಅಂಕಿ) ಅಂತ ಇಡ್ರಿ. ಡಾಲ್ಬಿ ಮ್ಯಾಲೆ ಬಿಟ್ರ ಎರಡು ಚಾನೆಲ್ ಆಂಪ್ಲಿಫೈಯರ್‌ಗೆ ಅದು ಓದಲಿಕ್ಕ ಬರಂಗಿಲ್ಲ, ಆವಾಜೇ ಬರಲ್ಲ. ಮಾತು ಗೊಗ್ಗರಾಗೋದು ಖೋಲಿಯಿಂದ ಇದ್ದೀತು. ನೆಲ ಶಹಾಬಾದ್ ಕಲ್ಲಿಂದೇನ್ರಿ? ಬರೀ ಕಲ್ಲಿನ ಮ್ಯಾಲೆ ಆವಾಜ್ ಪುಟಿದು ವಾಪಸ್ ಬರ್ತದ. ಸ್ಪೀಕರ್ ಮತ್ತು ನೀವು ಕೂಡೋ ಜಾಗದ ನಡುವ ದಪ್ಪ ಜಮಖಾನಿ ಹಾಸ್ರಿ, ಸ್ಪೀಕರ್ ಮೂಲಿಯಿಂದ ಒಂದೂವರಿ ಫೂಟ್ ಮುಂದ ಸರಸ್ರಿ. ಅಪ್ಪಾಜಿಯವರನ್ನ ಕೂಡಿಸಿ ಅವರ ಸಿಡಿನೇ ಹಚ್ರಿ, ಸರಿಸೋ ಮೊದಲೊಮ್ಮೆ, ಸರಿಸಿದ ಮ್ಯಾಲೊಮ್ಮೆ. ಅವರು ಏನಂದ್ರು ಇಲ್ಲಿ ಬರೀರಿ.