ಅಪ್‌ಡೇಟ್: ಡೇಗೆ ಸಾಕಲು ಪರವಾನಗಿ ಕೇಳಿದ್ದವನು ನಾನೇ

ಬೆಂಗಳೂರಿನಲ್ಲಿ ಡೇಗೆ ಎಂಬ ಬೇಟೆಹಕ್ಕಿಯನ್ನು ಸಾಕಿ ಬೇಟೆಗೆ ಪಳಗಿಸಲು ಪರವಾನಗಿ ಪಡೆಯುವುದು ಹೇಗೆ ಎಂದು ಕಳೆದ ವರ್ಷ ಕೇಳಿದ್ದೆ. ವಿಚಾರಿಸಿದ್ದಾಯಿತು: ಅಂಥ ಪರವಾನಗಿ ಇಲ್ಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ಡೇಗೆ, ಗಿಡುಗಗಳನ್ನು ಹಿಡಿದು ಸಾಕುವುದು ಅಪರಾಧ. ನಾನು ನೋಡಿ ಮರುಳಾದ ವಿಡಿಯೊಗಳೆಲ್ಲ ಅಮೆರಿಕದವು. ಅಲ್ಲಿ ಲಿಖಿತ ಪರೀಕ್ಷೆಯಲ್ಲಿ ಶೇ 80 ಅಂಕ ಬೇಕು, ಹಕ್ಕಿಮನೆಯ ತಪಾಸಣೆ ಆಗಬೇಕು, ಅನುಭವಿಯೊಬ್ಬರ ಕೈಕೆಳಗೆ ಕನಿಷ್ಠ ಎರಡು ವರ್ಷ ಕಲಿಯಬೇಕು.

ಬೇಸರವಾಯಿತು, ಸುಳ್ಳೇಕೆ ಹೇಳಲಿ. ವಿಜಯನಗರವನ್ನು ಆಳಿದ ಸಾಳುವರ ಹೆಸರೇ ಬೇಟೆಯ ಡೇಗೆಯದು, ನನಗೆ ಮಾತ್ರ ಒಂದು ಗರಿಯೂ ಇಲ್ಲವೇ ಎನಿಸಿತು.

ಈಗ ಭಾನುವಾರಗಳಂದು ಗಾಯಗೊಂಡ ಹಕ್ಕಿಗಳ ಆರೈಕೆ ಕೇಂದ್ರವೊಂದಕ್ಕೆ ಸ್ವಯಂಸೇವಕನಾಗಿ ಹೋಗುತ್ತೇನೆ. ನಾನು ಕಂಡವುಗಳಲ್ಲಿ ಹೆಚ್ಚಿನವು ಗಾಳಿಪಟದ ಮಾಂಜಾ ದಾರಕ್ಕೆ ಸಿಕ್ಕ ಹದ್ದುಗಳು. ಮೊದಲ ದಿನ ಟವೆಲ್ ಹೊದಿಸಿ ಒಂದನ್ನು ಹಿಡಿದುಕೊಂಡೆ. ರೆಕ್ಕೆಯ ಮಡಿಕೆಯಲ್ಲಿ ದಾರ ಎಲುಬಿನವರೆಗೆ ಇಳಿದಿತ್ತು. ವೈದ್ಯೆ ಅದನ್ನು ಎಳೆಯಲಿಲ್ಲ. ತುಂಡು ತುಂಡಾಗಿ ಕತ್ತರಿಸಿ ಬಿಡಿಸಿದರು. ಅಷ್ಟೂ ಹೊತ್ತು ಅದರ ಉಗುರುಗಳು ನನ್ನ ಕೈಗವಸಿನಲ್ಲಿ ನಾಟಿಕೊಂಡೇ ಇದ್ದವು. (ಬೇಟೆಯ ಕನಸಿನಲ್ಲಿ ಆನ್‌ಲೈನ್‌ನಲ್ಲಿ ತರಿಸಿದ್ದ ತೊಗಲಿನ ಕೈಗವಸು ಅದು. ದುಡ್ಡು ದಂಡವಾಗಲಿಲ್ಲ.)

ಹಕ್ಕಿಯನ್ನು ಮಾತನಾಡಿಸುವಂತಿಲ್ಲ, ಮುದ್ದು ಮಾಡುವಂತಿಲ್ಲ. ಮನುಷ್ಯರಿಗೆ ಒಗ್ಗಿಬಿಟ್ಟರೆ ಮತ್ತೆ ಹೊರಗೆ ಬಿಡುವುದು ಕಷ್ಟ. ಪಳಗಿಸಲು ಹೊರಟಿದ್ದವನಿಗೆ ಸಿಕ್ಕ ಕೆಲಸ, ಪಳಗದಂತೆ ನೋಡಿಕೊಳ್ಳುವುದು! ಆ ಹದ್ದಿನ ಹೊಲಿಗೆ ಇನ್ನೂ ಮಾಯುತ್ತಿದೆ. ನಿನ್ನೆ ಕೋಳಿಮಾಂಸದ ಚೂರನ್ನು ಚಿಮಟದಿಂದ ಕಿತ್ತುಕೊಂಡು ನನಗೆ ಬೆನ್ನು ತಿರುಗಿಸಿ ತಿಂದಿತು.